ನೆರೆಯವನ ಉಸಿರು: ಮುಖಗವಸಿನ ಚರಿತ್ರೆಯಿಂದ ಕಲಿಯಬೇಕಾದುದು

ಮುಖಗವಸು ಈಗ ನಮ್ಮ ಊರುಗಳಲ್ಲಿ ಹೆಚ್ಚುಕಡಿಮೆ ಮರೆತುಹೋದ ವಸ್ತು. ಆದರೆ ಅದರ ಕುರಿತ ವಾದ ಇನ್ನೂ ಉಳಿದಿದೆ. ಜನ್ನಾಪುರದ ಚಹಾ ಅಂಗಡಿಯಲ್ಲಾಗಲಿ, ಭದ್ರಾವತಿಯ ಬಸ್ ನಿಲ್ದಾಣದಲ್ಲಾಗಲಿ ಆ ದಿನಗಳ ಮಾತು ಬಂದಾಗ ಮೂರು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಮಾಸ್ಕ್ ಇಲ್ಲದಿದ್ದರೆ ನಾವ್ಯಾರೂ ಉಳಿಯುತ್ತಿರಲಿಲ್ಲ ಎನ್ನುವವರು ಕೆಲವರು. ಅದು ದಂಡ ವಸೂಲಿಗೆ ಹುಡುಕಿದ ನೆಪವಾಗಿತ್ತು ಎನ್ನುವವರು ಮತ್ತೆ ಕೆಲವರು. ಮರಣವು ಅಲ್ಲಾಹನ ಕೈಯಲ್ಲಿರುವಾಗ ಒಂದು ತುಂಡು ಬಟ್ಟೆ ಏನು ಮಾಡೀತು ಎಂದು ಕೇಳುವವರೂ ನಮ್ಮಲ್ಲಿದ್ದಾರೆ.

ಈ ಮೂರು ಮಾತುಗಳನ್ನೂ ಚರಿತ್ರೆಯ ಮುಂದಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹೋದ ಕಾಲದ ಲೆಕ್ಕ ಒಪ್ಪಿಸುವುದಷ್ಟೇ ನಮ್ಮ ಗುರಿಯಲ್ಲ. ಮಳೆಗಾಲದ ಜ್ವರ, ಕೆಮ್ಮು, ಕ್ಷಯ ಇವೆಲ್ಲ ಇಂದಿಗೂ ನಮ್ಮ ನಡುವೆಯೇ ಇವೆ. ಮಸೀದಿಯ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ, ಮದ್ರಸಾದ ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿ ಓದಿಸುವ ಸಮುದಾಯಕ್ಕೆ ಈ ಪ್ರಶ್ನೆ ಹಳೆಯದಾಗುವುದಿಲ್ಲ.

ರೋಗದ ದಾರಿ ತಿಳಿಯದೆ ಕಾವಲು ಹಾಕಲಾಗದು

ಮುಖಗವಸು ಎಲ್ಲ ಸಾಂಕ್ರಾಮಿಕ ರೋಗಗಳಿಗೂ ಮದ್ದಲ್ಲ. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು. ಮಂಗನ ಕಾಯಿಲೆ ಎಂದು ನಾವು ಕರೆಯುವ ಆ ರೋಗಕ್ಕೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಹೆಸರೇ ಇದೆ. ಅದು ಹರಡುವುದು ಉಣುಗುಗಳ ಕಡಿತದಿಂದ. ಒಬ್ಬ ಮನುಷ್ಯನ ಕೆಮ್ಮಿನಿಂದ ಮತ್ತೊಬ್ಬನಿಗೆ ಅದು ಬರುವುದಿಲ್ಲ. ಆದ್ದರಿಂದ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳುವ ತೈಲ ಕೊಟ್ಟರೇ ಹೊರತು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಅದಕ್ಕೂ ಹಿಂದೆ, 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿ ಮೈಸೂರು ಸಂಸ್ಥಾನವನ್ನೆಲ್ಲ ನಡುಗಿಸಿತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಬದುಕಿದರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಭೀತಿಯ ಕಾಲದಲ್ಲಿಯೇ ರೂಪುಗೊಂಡವು. ಗೆಡ್ಡೆ ಕಟ್ಟುವ ಆ ಪ್ಲೇಗು ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುತ್ತಿತ್ತು. ಇಲಿ ಬಿದ್ದ ಮನೆಯನ್ನು ತೊರೆದ ನಮ್ಮ ಹಿರಿಯರು, ಕಾರಣ ಪೂರ್ಣವಾಗಿ ತಿಳಿಯದಿದ್ದರೂ, ಸರಿಯಾದ ದಾರಿಯನ್ನೇ ಹಿಡಿದಿದ್ದರು. ಅಲ್ಲಿಯೂ ಮುಖಗವಸಿನಿಂದ ಪ್ರಯೋಜನವಿರಲಿಲ್ಲ.

ಹಾಗಾದರೆ ಅದು ಪ್ರಯೋಜನಕ್ಕೆ ಬರುವುದೆಲ್ಲಿ? ಉಸಿರಿನ ದಾರಿಯಲ್ಲಿ ಹೋಗುವ ರೋಗಗಳಲ್ಲಿ. ಮಾತನಾಡುವಾಗ, ಕೆಮ್ಮುವಾಗ, ಸೀನುವಾಗ ನಮ್ಮ ಬಾಯಿಂದ ಸೂಕ್ಷ್ಮ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಅತಿ ಸಣ್ಣವು ಆರಿ ಹಗುರವಾಗಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಬಾಯಿಯ ಹತ್ತಿರದಲ್ಲಿಯೇ, ಹನಿ ಇನ್ನೂ ಒದ್ದೆಯಾಗಿ ದೊಡ್ಡದಾಗಿರುವಾಗಲೇ ಅದನ್ನು ಬಟ್ಟೆಯಿಂದ ತಡೆಯುವುದು ಸುಲಭ. ಆರಿ ಸಣ್ಣದಾಗಿ ಗಾಳಿಯಲ್ಲಿ ಸೇರಿದ ಮೇಲೆ ತಡೆಯುವುದು ಕಷ್ಟ. ಮುಖಗವಸಿನ ಗುಟ್ಟೆಲ್ಲ ಈ ಒಂದು ಸಂಗತಿಯಲ್ಲಿದೆ.

ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದವರು ದೂಳು ಹೊಗೆಗಳಿಗೆ ಮೂಗಿನ ಮೇಲೆ ಟವೆಲು ಕಟ್ಟಿಕೊಳ್ಳುವುದನ್ನು ಬಲ್ಲರು. ಆ ಟವೆಲು ಕಟ್ಟಿಕೊಂಡವನನ್ನು ಕಾಯುತ್ತದೆ. ಕಾಯಿಲೆಯ ಕಾಲದ ಮುಖಗವಸು ಮೊದಲು ಕಾಯುವುದು ಎದುರಿಗಿರುವವನನ್ನು. ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಓದುಗರಲ್ಲಿ ವಿನಂತಿ.

ಹುಟ್ಟಿದ್ದು ಹೇಗೆ, ಬೆಳೆದದ್ದು ಹೇಗೆ

ಬಾಯಿ ಮುಚ್ಚಿಕೊಳ್ಳುವ ಪದ್ಧತಿ ಬಹಳ ಹಳೆಯದು. ಶ್ವೇತಾಂಬರ ಜೈನರ ಕೆಲವು ಪಂಥಗಳ ಸಾಧುಗಳು ತಮ್ಮ ಉಸಿರಿನಿಂದ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂದು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಡೆಯುವುದನ್ನು ನಾವು ನೋಡಿದ್ದೇವೆ. ಪಾರಸಿ ಪುರೋಹಿತರು ತಮ್ಮ ಎಂಜಲು ಪವಿತ್ರಾಗ್ನಿಗೆ ಸೋಕದಿರಲೆಂದು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ವೈದ್ಯಕೀಯ ಮುಖಗವಸಿನ ಚರಿತ್ರೆ ಮಾತ್ರ ಸುಮಾರು ನೂರಮೂವತ್ತು ವರ್ಷಗಳಷ್ಟು ಹಳೆಯದು. 1897ರಲ್ಲಿ, ಇಂದು ಪೋಲೆಂಡಿನಲ್ಲಿರುವ, ಅಂದು ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಫ್ಲುಗೆ ಎಂಬ ವಿಜ್ಞಾನಿ, ಸಾಮಾನ್ಯ ಮಾತಿನಲ್ಲಿಯೂ ರೋಗಾಣುಗಳಿರುವ ಹನಿಗಳು ಹೊರಬರುತ್ತವೆ ಎಂದು ತೋರಿಸಿದರು. ಅದೇ ವರ್ಷ ಅದೇ ಊರಿನ ಶಸ್ತ್ರವೈದ್ಯ ಯೋಹಾನ್ ಮಿಕುಲಿಚ್ ಬ್ಯಾಂಡೇಜಿನ ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ವೈದ್ಯನ ಬಾಯಿಯ ಹನಿ ರೋಗಿಯ ಗಾಯಕ್ಕೆ ಬೀಳಬಾರದೆಂಬುದು ಅವರ ಉದ್ದೇಶ. ಹುಟ್ಟಿದಂದಿನಿಂದಲೂ ಮುಖಗವಸು ಇನ್ನೊಬ್ಬನಿಗಾಗಿ ಧರಿಸುವ ವಸ್ತುವಾಗಿತ್ತು.

ಅದು ಆಸ್ಪತ್ರೆಯಿಂದ ಬೀದಿಗೆ ಬಂದದ್ದು ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ. 1910ರ ಚಳಿಗಾಲದಲ್ಲಿ ಅಲ್ಲಿನ ಹಾರ್ಬಿನ್ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಚೀನೀ ವೈದ್ಯ ವೂ ಲಿಯೆನ್ ತೆ ಅವರನ್ನು ಸರಕಾರ ಅಲ್ಲಿಗೆ ಕಳುಹಿಸಿತು. ಆಗ ಅವರ ವಯಸ್ಸು ಕೇವಲ 31. ಶವಪರೀಕ್ಷೆ ಮಾಡಿ, ಇದು ಇಲಿ ಚಿಗಟಗಳಿಂದ ಹರಡುತ್ತಿರುವ ಪ್ಲೇಗಲ್ಲ, ಶ್ವಾಸಕೋಶಕ್ಕೆ ತಗಲಿ ಉಸಿರಿನ ಮೂಲಕ ಮನುಷ್ಯನಿಂದ ಮನುಷ್ಯನಿಗೆ ದಾಟುತ್ತಿರುವ ಪ್ಲೇಗು ಎಂದು ಅವರು ನಿರ್ಣಯಿಸಿದರು. ಹತ್ತಿ ಮತ್ತು ಬ್ಯಾಂಡೇಜ್ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಮುಖಗವಸು ಮಾಡಿ, ವೈದ್ಯರಿಂದ ಹಿಡಿದು ಹೆಣ ಹೊರುವವರವರೆಗೆ ಎಲ್ಲರೂ ಕಟ್ಟಿಕೊಳ್ಳಬೇಕೆಂದರು.

ಅನುಭವಿ ಫ್ರೆಂಚ್ ವೈದ್ಯ ಜೆರಾಲ್ಡ್ ಮೆನಿ ಇದನ್ನು ಒಪ್ಪಲಿಲ್ಲ. ಚೀನೀಯನೊಬ್ಬ ತನಗೆ ಪಾಠ ಹೇಳುವುದೇ ಅವರಿಗೆ ಅವಮಾನವೆನಿಸಿತು. ಮುಖಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿದ ಅವರು ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ, ಅದೇ ರೋಗದಿಂದ ಮರಣ ಹೊಂದಿದರು. ಆ ಸಾವಿನ ಸುದ್ದಿ ಕೇಳಿದ ಮೇಲೆ ಜನ ತಾವಾಗಿಯೇ ಮುಖಗವಸು ಕಟ್ಟಿಕೊಂಡರು. ಸತ್ಯ ಯಾರ ಬಾಯಿಂದ ಬಂತು ಎಂದು ನೋಡಿ ಅದನ್ನು ತಿರಸ್ಕರಿಸುವ ಅಹಂಕಾರದ ಪರಿಣಾಮವೇನೆಂಬುದಕ್ಕೆ ಇದು ಕಣ್ಣಿಗೆ ಕಟ್ಟುವ ದೃಷ್ಟಾಂತ.

ಆದರೆ ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡ ಆ ಪಿಡುಗನ್ನು ಮುಖಗವಸೊಂದೇ ನಿಲ್ಲಿಸಲಿಲ್ಲ. ಸೋಂಕಿನ ಸಂಪರ್ಕಕ್ಕೆ ಬಂದವರನ್ನು ರೈಲು ಬೋಗಿಗಳಲ್ಲಿ ಪ್ರತ್ಯೇಕವಾಗಿ ಇರಿಸಿದರು, ಸಂಚಾರ ತಡೆದರು, ರಾಶಿ ಬಿದ್ದ ಶವಗಳನ್ನು ವಿಲೇವಾರಿ ಮಾಡಿದರು. ಇವೆಲ್ಲ ಒಟ್ಟಾಗಿ ಕೆಲಸ ಮಾಡಿದವು. 1911ರ ಮಾರ್ಚ್ ಹೊತ್ತಿಗೆ ಹಾರ್ಬಿನ್ ರೋಗಮುಕ್ತವಾಯಿತು.

1918ರ ಪಾಠ

1918ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರಕಾರದ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. ಅದೇ ವರ್ಷ ಮುಂಬಯಿ ಬಂದರಿನ ಮೂಲಕ ಇನ್‌ಫ್ಲುಯೆಂಜಾ ಭಾರತವನ್ನು ಪ್ರವೇಶಿಸಿತು. ದೇಶದಲ್ಲಿ ಸತ್ತವರ ಸಂಖ್ಯೆಯನ್ನು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಅಂದಾಜು ಮಾಡಲಾಗಿದೆ. 1911ರಿಂದ 1921ರ ಜನಗಣತಿಯ ನಡುವೆ ಭಾರತದ ಜನಸಂಖ್ಯೆ ಕಡಿಮೆಯಾಯಿತು. ಗಣತಿಯ ಚರಿತ್ರೆಯಲ್ಲಿ ಹಾಗಾದ ದಶಕ ಅದೊಂದೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಆ ಅಕ್ಟೋಬರ್‌ನಲ್ಲಿ ಮುಖಗವಸನ್ನು ಕಡ್ಡಾಯಗೊಳಿಸಿತು. ಧರಿಸದವರಿಗೆ ದಂಡ ಬಿತ್ತು, ಕೆಲವರಿಗೆ ಜೈಲೂ ಆಯಿತು. 1919ರ ಜನವರಿಯಲ್ಲಿ ಕಾನೂನು ಮತ್ತೆ ಜಾರಿಯಾದಾಗ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿಕೊಂಡಿತು. ನೂರು ವರ್ಷಗಳ ಬಳಿಕ ನಾವು ಕೇಳಿದ ವಾದಗಳೆಲ್ಲ ಅಲ್ಲಿ ಆಗಲೇ ಕೇಳಿಬಂದಿದ್ದವು.

ಬಳಿಕ ಕ್ಯಾಲಿಫೋರ್ನಿಯಾದ ಆರೋಗ್ಯಾಧಿಕಾರಿ ಕೆಲ್ಲಾಗ್ ಲೆಕ್ಕ ಹಾಕಿ ನೋಡಿದಾಗ, ಕಡ್ಡಾಯ ಮಾಡಿದ ಊರುಗಳಿಗೂ ಮಾಡದ ಊರುಗಳಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಅವರು 1920ರಲ್ಲಿ ಬಟ್ಟೆಯನ್ನೇ ಪರೀಕ್ಷೆಗೆ ಒಡ್ಡಿದರು. ಜಾಳು ಬಟ್ಟೆಯ ಕೆಲವೇ ಪದರಗಳು ಹನಿಗಳನ್ನು ಸಾಕಷ್ಟು ತಡೆಯುತ್ತಿರಲಿಲ್ಲ. ಪದರ ಹೆಚ್ಚಿಸಿದರೆ ಉಸಿರಾಟ ಕಷ್ಟವಾಗಿ ಗಾಳಿ ಅಂಚಿನಿಂದ ನುಸುಳುತ್ತಿತ್ತು. ಜನರಾದರೋ ಪೊಲೀಸರಿಗಾಗಿ ಬೀದಿಯಲ್ಲಿ ಧರಿಸಿ, ಮನೆ ಕಚೇರಿಗಳಲ್ಲಿ ತೆಗೆದಿಡುತ್ತಿದ್ದರು. ಗಾಳಿಯಾಡುವ ಬಯಲಿನಲ್ಲಿ ಕಟ್ಟಿಕೊಂಡು ಮುಚ್ಚಿದ ಕೋಣೆಯಲ್ಲಿ ಬಿಚ್ಚಿಟ್ಟರೆ ಏನು ಫಲ? ಕಾನೂನು ಮುಖಕ್ಕೆ ಬಟ್ಟೆ ಕಟ್ಟಿಸಬಲ್ಲದು. ಯಾವಾಗ, ಏಕೆ ಎಂಬ ತಿಳಿವಳಿಕೆಯನ್ನು ದಂಡದಿಂದ ಕೊಡಿಸಲಾಗದು.

ನಾವು ಕಂಡ ಕಾಲ

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮ ರಾಜ್ಯದ ಕಲಬುರಗಿಯಲ್ಲಿ ಸಂಭವಿಸಿತು. ಶಿವಮೊಗ್ಗ ಜಿಲ್ಲೆ ಮೇ ತಿಂಗಳ ಮೊದಲ ವಾರದವರೆಗೂ ಹಸಿರು ವಲಯದಲ್ಲಿತ್ತು. ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಾಮಾನ್ಯ ಜನರಿಗೆ ಮುಖಗವಸು ಬೇಕೆಂದು ಹೇಳಲಿಲ್ಲ. ಭಾರತ ಸರಕಾರ ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲಿ ಹೊಲಿದ ಮುಖಗವಸು ಧರಿಸಲು ಸಲಹೆ ನೀಡಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಬದಲಿಸಿದ್ದು ಜೂನ್ 5ರಂದು. ತಜ್ಞರು ಮಾತು ಬದಲಿಸಿದರೆಂದು ಅನೇಕರು ಅಪಹಾಸ್ಯ ಮಾಡಿದರು. ರೋಗಲಕ್ಷಣ ಕಾಣುವ ಮೊದಲೇ ಸೋಂಕು ದಾಟಬಲ್ಲದೆಂಬ ಅರಿವು ಗಟ್ಟಿಯಾದಂತೆ ಸಲಹೆಯೂ ಬದಲಾಯಿತು ಎಂಬುದನ್ನು ಅವರು ಗಮನಿಸಲಿಲ್ಲ. ಅರಿವು ಬೆಳೆದಾಗ ಮಾತು ತಿದ್ದಿಕೊಳ್ಳುವುದು ವಿದ್ವಾಂಸರ ಲಕ್ಷಣವೆಂಬುದು ನಮ್ಮ ಮದ್ರಸಾಗಳಲ್ಲಿ ಓದಿದವರಿಗೆ ಹೊಸ ವಿಷಯವೇನಲ್ಲ.

ಅಕ್ಟೋಬರ್‌ನ ಆರಂಭದಲ್ಲಿ ಕರ್ನಾಟಕ ಸರಕಾರ ಮುಖಗವಸು ಧರಿಸದವರಿಗೆ ನಗರಗಳಲ್ಲಿ 1000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ದಂಡ ಎಂದಿತು. ಆಕ್ಷೇಪಗಳು ಬಂದ ಮೇಲೆ ಅದೇ ತಿಂಗಳು ಅದನ್ನು 250 ಮತ್ತು 100ಕ್ಕೆ ಇಳಿಸಿತು. ದಿನಗೂಲಿಯವನಿಗೆ ಸಾವಿರ ರೂಪಾಯಿ ದೊಡ್ಡ ಹೊರೆ. ದಂಡದ ಕುರಿತ ಅಸಮಾಧಾನ ಮುಖಗವಸಿನ ಮೇಲಿನ ಸಿಟ್ಟಾಗಿ ಮಾರ್ಪಟ್ಟದ್ದು ಆ ಕಾಲದ ದುರದೃಷ್ಟ. ರೋಗಕ್ಕೆ ಒಂದು ಸಮುದಾಯದ ಹೆಸರಿಟ್ಟು ದೂರಿದ ನೋವನ್ನೂ ನಾವು ಮರೆತಿಲ್ಲ. ಆದರೆ ಗಾಳಿಯಲ್ಲಿ ತೇಲುವ ಹನಿಗೆ ಜಾತಿ ಮತಗಳ ಪರಿಚಯವಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮುಖಗವಸು ನಿಜಕ್ಕೂ ಕೆಲಸ ಮಾಡಿತೇ? ಇದಕ್ಕೆ ಅತ್ಯಂತ ದೊಡ್ಡ ಪರೀಕ್ಷೆ ನಡೆದದ್ದು ನೆರೆಯ ಬಾಂಗ್ಲಾದೇಶದಲ್ಲಿ. 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳ ಸುಮಾರು 3 ಲಕ್ಷ 42 ಸಾವಿರ ವಯಸ್ಕರು ಈ ಅಧ್ಯಯನದ ವ್ಯಾಪ್ತಿಯಲ್ಲಿದ್ದರು. ಅರ್ಧದಷ್ಟು ಹಳ್ಳಿಗಳಲ್ಲಿ ಮುಖಗವಸನ್ನು ಉಚಿತವಾಗಿ ಹಂಚಿ, ಮನೆಮನೆಗೆ ತಿಳಿಹೇಳಿದರು. ಜುಮಾದ ದಿನ ಇಮಾಮರು ಮಸೀದಿಯಲ್ಲಿ ಇದರ ಕುರಿತು ಮಾತನಾಡಿದರು. ಸರಿಯಾಗಿ ಧರಿಸುವವರ ಪ್ರಮಾಣ ನೂರಕ್ಕೆ 13ರಿಂದ 42ಕ್ಕೆ ಏರಿತು. ಲಕ್ಷಣಗಳಿದ್ದು ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಸೋಂಕು ಒಟ್ಟಾರೆ ನೂರಕ್ಕೆ 9ರಷ್ಟು ಕಡಿಮೆಯಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಬಗೆಯ ಮುಖಗವಸು ಹಂಚಿದ ಹಳ್ಳಿಗಳಲ್ಲಿ ಇಳಿಕೆ ನೂರಕ್ಕೆ 11ರಷ್ಟಿತ್ತು. ಅಲ್ಲಿನ 60 ದಾಟಿದವರಲ್ಲಿ ಅದು ನೂರಕ್ಕೆ 35ರಷ್ಟು. ಸಾಮಾನ್ಯ ಬಟ್ಟೆಯ ಮುಖಗವಸಿನ ಫಲ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಇನ್ನೊಂದು ಕಡೆ, ಡೆನ್ಮಾರ್ಕ್‌ನಲ್ಲಿ 2020ರಲ್ಲಿ ನಡೆದ ಅಧ್ಯಯನವಿದೆ. ಅಲ್ಲಿ ಮುಖಗವಸು ಧರಿಸಲು ಹೇಳಿದವರಲ್ಲಿ ನೂರಕ್ಕೆ 1.8, ಉಳಿದವರಲ್ಲಿ ನೂರಕ್ಕೆ 2.1 ಜನರಿಗೆ ಸೋಂಕು ತಗಲಿತು. ಇದು ಖಚಿತವಾಗಿ ಹೇಳಬಹುದಾದ ಅಂತರವಲ್ಲ. ಆದರೆ ಸುತ್ತಲಿನ ಬಹುಪಾಲು ಜನ ಧರಿಸದಿದ್ದ ಸಮಾಜದಲ್ಲಿ, ಧರಿಸಿದವನಿಗೆ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದಷ್ಟೇ ಅಲ್ಲಿನ ಪರೀಕ್ಷೆಯಾಗಿತ್ತು. ಅವನಿಂದ ಇತರರಿಗೆ ಸಿಕ್ಕ ರಕ್ಷಣೆಯನ್ನು ಅದು ಅಳೆಯಲಿಲ್ಲ.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಉತ್ತರ ಮಧ್ಯಮವಾಗಿದೆ. ಮುಖಗವಸು ತಾಯಿತವಲ್ಲ, ವ್ಯರ್ಥವೂ ಅಲ್ಲ. ಒಬ್ಬನೇ ಧರಿಸಿದರೆ ಅದರ ಫಲ ಅಲ್ಪ. ಅನೇಕರು, ಅದರಲ್ಲಿಯೂ ಕೆಮ್ಮು ನೆಗಡಿ ಇರುವವರು, ಮುಚ್ಚಿದ ಜಾಗದಲ್ಲಿ ಸರಿಯಾಗಿ ಧರಿಸಿದರೆ ದುರ್ಬಲರಾದ ವೃದ್ಧರಿಗೆ ಅದು ಅಳೆಯಬಹುದಾದಷ್ಟು ರಕ್ಷಣೆ ಕೊಡುತ್ತದೆ.

ನಮ್ಮ ಪರಂಪರೆಯಲ್ಲಿ ಇದರ ಬೇರು

ಪ್ರವಾದಿ ಮುಹಮ್ಮದ್(ಸ) ಅವರು ಸೀನುವಾಗ ಕೈಯಿಂದಲೋ ವಸ್ತ್ರದಿಂದಲೋ ಮುಖವನ್ನು ಮುಚ್ಚಿಕೊಂಡು ಸದ್ದನ್ನು ತಗ್ಗಿಸುತ್ತಿದ್ದರೆಂದು ಅಬೂಹುರೈರಾ(ರ) ಅವರಿಂದ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ವರದಿಯಾಗಿದೆ. ಬೆಳ್ಳುಳ್ಳಿ, ಈರುಳ್ಳಿ ತಿಂದವರು ಅದರ ವಾಸನೆಯೊಂದಿಗೆ ಮಸೀದಿಗೆ ಬಾರದಿರಲಿ ಎಂಬ ಆದೇಶ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಬರೀ ವಾಸನೆಯಿಂದ ಪಕ್ಕದವನಿಗಾಗುವ ಕಿರುಕುಳಕ್ಕೇ ಇಷ್ಟು ಎಚ್ಚರಿಕೆ ಇದ್ದರೆ, ಅವನನ್ನು ಹಾಸಿಗೆ ಹಿಡಿಸಬಲ್ಲ ಕೆಮ್ಮಿನ ಬಗ್ಗೆ ಎಷ್ಟು ಎಚ್ಚರಿಕೆ ಬೇಕೆಂದು ಓದುಗರೇ ಯೋಚಿಸಲಿ.

ನಮಾಝಿನಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ವಿರೋಧಿಸುವ ಹದೀಸ್ ಇದೆಯಲ್ಲ ಎಂಬ ಪ್ರಶ್ನೆ 2020ರ ಜೂನ್‌ನಲ್ಲಿ ಮಸೀದಿಗಳು ಮತ್ತೆ ತೆರೆದಾಗ ಎದ್ದಿತು. ಪ್ರಶ್ನೆ ನ್ಯಾಯವಾದುದೇ. ಅಗ್ನಿಪೂಜಕರ ಅನುಕರಣೆಯಾಗಬಾರದು, ಪಾರಾಯಣಕ್ಕೆ ಅಡ್ಡಿಯಾಗಬಾರದು ಎಂದು ಫಿಕ್ಹ್ ವಿದ್ವಾಂಸರು ಅದಕ್ಕೆ ಕಾರಣ ನೀಡಿದ್ದಾರೆ. ಪಾರಸಿ ಪುರೋಹಿತರ ಬಾಯಿಬಟ್ಟೆಯನ್ನು ಮೇಲೆ ಹೆಸರಿಸಿದ್ದೇವೆ. ನಿಜವಾದ ಅಗತ್ಯವಿದ್ದಾಗ ಆ ಮಕ್‌ರೂಹ್ ಉಳಿಯುವುದಿಲ್ಲವೆಂದು ಉಲಮಾಗಳು ವಿವರಿಸಿದರು. ಅಗತ್ಯ ಕಳೆದ ಮೇಲೆ ಮೂಲ ನಿಯಮವೇ ಮರಳುತ್ತದೆ.

ವಿಧಿಯ ಮಾತೆತ್ತುವವರಿಗೆ ಹಿಜರಿ 18ರ ಅಮ್ವಾಸ್ ಪ್ಲೇಗಿನ ಪ್ರಸಂಗ ಸಾಕು. ಸಿರಿಯಾದ ಗಡಿಯಲ್ಲಿ ಪಿಡುಗಿನ ಸುದ್ದಿ ತಿಳಿದು ಹಝ್ರತ್ ಉಮರ್(ರ) ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಅಬೂಉಬೈದಾ(ರ) ಕೇಳಿದರು. ತಾನು ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ಪಿಡುಗಿರುವ ಊರಿಗೆ ಹೋಗಬೇಡಿ, ಅಲ್ಲಿದ್ದವರು ಓಡಿ ಹೊರಬರಬೇಡಿ ಎಂಬ ಪ್ರವಾದಿ(ಸ) ಅವರ ಬೋಧನೆಯನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಿಳಿಸಿದಾಗ ಆ ನಿರ್ಧಾರ ಗಟ್ಟಿಯಾಯಿತು.

ಇನ್ನೊಬ್ಬ ಮಹಾನ್ ವಿದ್ವಾಂಸರನ್ನು ಇಲ್ಲಿ ನೆನೆಯಬೇಕು. ಬುಖಾರಿಯ ವ್ಯಾಖ್ಯಾನಕಾರ ಇಬ್ನು ಹಜರ್ ಅಲ್ ಅಸ್ಕಲಾನಿ ತಮ್ಮ ಮೂವರು ಹೆಣ್ಣುಮಕ್ಕಳನ್ನು ಪ್ಲೇಗಿನಲ್ಲಿ ಕಳೆದುಕೊಂಡವರು. ಹಿಜರಿ 833ರಲ್ಲಿ ಕೈರೋದಲ್ಲಿ ದಿನಕ್ಕೆ 40ಕ್ಕಿಂತ ಕಡಿಮೆ ಸಾವುಗಳಾಗುತ್ತಿದ್ದಾಗ ಜನರೆಲ್ಲ ಬಯಲಿನಲ್ಲಿ ಒಟ್ಟುಗೂಡಿ ಪ್ರಾರ್ಥಿಸಿದರು. ತಿಂಗಳು ಮುಗಿಯುವುದರೊಳಗೆ ಸಾವು ದಿನಕ್ಕೆ ಸಾವಿರವನ್ನು ದಾಟಿತು ಎಂದು ಅವರು ದಾಖಲಿಸಿದ್ದಾರೆ. ಸೋಂಕಿನ ವಾದವನ್ನು ಒಪ್ಪುವವರ ಸಾಲಿನಲ್ಲಿ ಅವರಿರಲಿಲ್ಲ. ಆದರೂ ಕಣ್ಣಾರೆ ಕಂಡದ್ದನ್ನು ಮುಚ್ಚಿಡಲಿಲ್ಲ. ಚರಿತ್ರೆಯನ್ನು ಹೇಗೆ ಬರೆಯಬೇಕೆಂಬುದಕ್ಕೆ ಇದೇ ಮಾದರಿ.

ಈಗ ಮಾಡಬಹುದಾದುದು

ಹಾಗಾದರೆ ಇಂದು ಎಲ್ಲರೂ ಮುಖಗವಸು ಕಟ್ಟಿಕೊಂಡು ತಿರುಗಬೇಕೇ? ಬೇಕಿಲ್ಲ. ಚರಿತ್ರೆ ಅದನ್ನು ಹೇಳುವುದಿಲ್ಲ. ಕೆಮ್ಮು, ಜ್ವರ ಇರುವವರು ಮನೆಯಲ್ಲಿಯೇ ನಮಾಝ್ ನಿರ್ವಹಿಸಲಿ. ಕಾಯಿಲೆಯವರಿಗೆ ಶರೀಅತ್ ಆ ವಿನಾಯಿತಿ ಕೊಟ್ಟಿದೆ. ಬರಲೇಬೇಕಾದವರು ಮುಖಗವಸು ಧರಿಸಿ ಬರಲಿ. ಹಾಗೆ ಬಂದವರನ್ನು ಕಂಡು ಯಾರೂ ನಗದಿರಲಿ, ಅನುಮಾನಿಸದಿರಲಿ. ನಮ್ಮ ಹಿರಿಯರು ನಿಲ್ಲುವ ಮೊದಲ ಸಫ್‌ನಲ್ಲಿಯೇ ಅದರ ಅಗತ್ಯ ಹೆಚ್ಚು.

ಮದ್ರಸಾಗಳ ವಿಷಯದಲ್ಲಿ ಇನ್ನಷ್ಟು ಗಮನ ಬೇಕು. ಗಟ್ಟಿಯಾಗಿ ಓದುವಾಗ, ಹಾಡುವಾಗ ಬಾಯಿಂದ ಹೊರಬರುವ ಹನಿಗಳು ಹೆಚ್ಚು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನರ ಗಾಯನವೃಂದ ಒಂದೇ ಸಭಾಂಗಣದಲ್ಲಿ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಅವರಲ್ಲಿ ಸೋಂಕಿತಳಾಗಿದ್ದ ಒಬ್ಬಳೇ ಒಬ್ಬಳಿಂದ 52 ಜನರಿಗೆ ಕಾಯಿಲೆ ತಗಲಿರಬೇಕೆಂದು ತನಿಖೆ ಹೇಳಿತು. ಇಬ್ಬರು ಮೃತಪಟ್ಟರು. ಹಿಫ್ಝ್ ತರಗತಿಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ದನಿಯೆತ್ತಿ ಓದುವುದು ನಮ್ಮ ಹೆಮ್ಮೆ. ಮಲೆನಾಡಿನ ಮಳೆಗೆ ಎಲ್ಲ ಕಿಟಕಿಗಳನ್ನೂ ಮುಚ್ಚಿ ಓದಿಸುವ ಬದಲು ಗಾಳಿಗೆ ಒಂದೆರಡನ್ನಾದರೂ ತೆರೆದಿಡೋಣ. ಕೆಮ್ಮುವ ಮಗುವಿಗೆ ರಜೆ ಕೊಡೋಣ, ಕೆಮ್ಮುವ ಉಸ್ತಾದರೂ ರಜೆ ಪಡೆಯಲಿ.

ಕೊನೆಯದಾಗಿ ಕ್ಷಯದ ಮಾತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಅದೂ ಉಸಿರಿನ ದಾರಿಯ ರೋಗವೇ. ಎರಡು ವಾರ ದಾಟಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧವೂ ಉಚಿತ. ಮದ್ದು ಹಿಡಿಯುವವರೆಗೆ ರೋಗಿ ಮುಖಗವಸು ಧರಿಸಿದರೆ ಮನೆಯ ಮಕ್ಕಳು, ವೃದ್ಧರು ಉಳಿದಾರು. ಆದರೆ ಮದುವೆ ಸಂಬಂಧ ತಪ್ಪೀತು, ನೆರೆಯವರು ದೂರವಿಟ್ಟಾರು ಎಂಬ ಭಯದಿಂದ ಅನೇಕರು ಕೆಮ್ಮನ್ನೇ ಮುಚ್ಚಿಡುತ್ತಾರೆ. ಆ ಭಯವನ್ನು ನಿವಾರಿಸುವುದು ವೈದ್ಯರಿಗಿಂತ ಹೆಚ್ಚಾಗಿ ಇಮಾಮರ, ಜಮಾಅತಿನ ಹಿರಿಯರ ಹೊಣೆ. ಬಾಂಗ್ಲಾದ ಹಳ್ಳಿಗಳಲ್ಲಿ ಮಿಂಬರಿನಿಂದ ಬಂದ ಮಾತನ್ನು ಜನ ಕೇಳಿದರು. ನಮ್ಮ ಮಿಂಬರುಗಳಿಂದಲೂ ಅಂತಹ ಮಾತು ಬರಲಿ.

ಸ್ವತಃ ಹಾನಿಗೊಳಗಾಗದೆ, ಇತರರಿಗೂ ಹಾನಿ ಮಾಡದೆ ಬದುಕುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.